ಬಿದ್ದ ಮನೆಗೆ ಪರಿಹಾರ, ನೆನೆದ ಮನೆಗೆ ಪೇಂಟು



ಜೂನ್ ಬಂತು ಅಂದ್ರೆ ಕರಾವಳಿಯ ದೃಶ್ಯಗಳು ನಿಮಗೆ ಬಾಯಿಪಾಠ. ಮಂಗಳೂರಿನ ರಸ್ತೆಯಲ್ಲಿ ತೇಲುವ ಕಾರು, ಉಡುಪಿಯಲ್ಲಿ ಮನೆ ಬಾಗಿಲಿಗೆ ಬಂದ ದೋಣಿ, ಉತ್ತರ ಕನ್ನಡದಲ್ಲಿ ಕುಸಿದ ಗುಡ್ಡ. 2018ರ ಮೇ 29ರಂದು ಮಂಗಳೂರು ಮುಳುಗಿದ್ದನ್ನ ನೋಡಿದ್ದೀರಿ, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿ ಮುಳುಗಿದ್ದನ್ನೂ ನೋಡಿದ್ದೀರಿ. ಮೂರು ದಿನಕ್ಕೆ ನೀರು ಇಳಿಯುತ್ತೆ. ಮಂತ್ರಿಗಳು ಬಂದು ಹೋಗ್ತಾರೆ. ಆ ಮನೆಯವರ ಖರ್ಚು ಶುರುವಾಗೋದೇ ನಾಲ್ಕನೇ ದಿನದಿಂದ. ಇವತ್ತಿನ ಮಾತು ಆ ಖರ್ಚಿನ ಬಗ್ಗೆ.

ಮೊದಲು ಸರ್ಕಾರದ ಲೆಕ್ಕ ನೋಡೋಣ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರವರೆಗೆ ಒಂದು ದರಪಟ್ಟಿ ಮಾಡಿದೆ. ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇಕಡಾ 15 ಇರಬೇಕು. ನಮ್ಮ ರಾಜ್ಯ ಸರ್ಕಾರ 2019ರ ಪ್ರವಾಹದ ನಂತರ ತನ್ನ ಕೈಯಿಂದ ಸೇರಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಮಾಡಿತು. ಒಳ್ಳೆಯದೇ, ಅದನ್ನ ಒಪ್ಪಬೇಕು. ಆದರೆ ಮನೆ ಬೀಳಬೇಕಲ್ಲ ಸ್ವಾಮಿ! ಕರಾವಳಿಯ ಬಹುಪಾಲು ಮನೆಗಳು ಬೀಳೋದಿಲ್ಲ, ನೆನೆಯುತ್ತವೆ. ನೆನೆದ ಗೋಡೆಗೆ, ಸೋರುವ ತಾರಸಿಗೆ, ಬೂಷ್ಟು ಹಿಡಿದ ಬೀರುವಿಗೆ ಶೇಕಡಾ 15 ಅಂತ ಯಾವ ಗ್ರಾಮ ಆಡಳಿತಾಧಿಕಾರಿ ಅಳೆದು ಬರೀತಾರೆ?

ಆ 6,500 ರೂಪಾಯಿಯ ತಾಕತ್ತು ಎಷ್ಟು ಅಂತ ಒಮ್ಮೆ ಅಳೆದು ನೋಡಿ. ಹನ್ನೆರಡು ಅಡಿಗೆ ಹತ್ತು ಅಡಿಯ ಒಂದು ಕೋಣೆ. ನಾಲ್ಕು ಗೋಡೆ ಸೇರಿ ಸುತ್ತಳತೆ 44 ಅಡಿ, ಎತ್ತರ ಹತ್ತಡಿ. ಅಲ್ಲಿಗೆ 440 ಚದರ ಅಡಿ. ಪುಟ್ಟಿ, ಪೇಂಟು, ಕೂಲಿ ಎಲ್ಲಾ ಸೇರಿ ಚದರ ಅಡಿಗೆ ಬರೀ 20 ರೂಪಾಯಿ ಅಂತ ಇಟ್ಟುಕೊಳ್ಳಿ. 8,800 ಆಯ್ತು. ಸರ್ಕಾರದ ದುಡ್ಡಲ್ಲಿ ಒಂದು ಕೋಣೆಗೂ ಬಣ್ಣ ಬರೋದಿಲ್ಲ.

ಇನ್ನು ಮಳೆಯ ಲೆಕ್ಕ. ಬೆಂಗಳೂರಿನಲ್ಲಿ ಕೂತವರಿಗೆ ಇದು ಅಂದಾಜಿಗೇ ಸಿಗೋದಿಲ್ಲ. ಬೆಂಗಳೂರಿಗೆ ಇಡೀ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ. ಕರಾವಳಿಗೆ ಜೂನ್‌ನಿಂದ ಸೆಪ್ಟೆಂಬರ್ ನಾಲ್ಕೇ ತಿಂಗಳಲ್ಲಿ 3,000 ಮಿಲಿಮೀಟರ್‌ಗಿಂತ ಹೆಚ್ಚು. ಒಂದು ಸಾವಿರ ಚದರ ಅಡಿಯ ತಾರಸಿ ಮೇಲೆ ಅಷ್ಟು ಮಳೆ ಸುರಿದರೆ ಸುಮಾರು 2,80,000 ಲೀಟರ್ ನೀರು. ಆರು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 46 ಟ್ಯಾಂಕರ್, ನಿಮ್ಮ ತಲೆ ಮೇಲೆ, ಪ್ರತಿ ವರ್ಷ. ಅದರಲ್ಲಿ ನೂರಕ್ಕೆ ಒಂದು ಪಾಲು ಒಳಗಿಳಿದರೂ 2,800 ಲೀಟರ್ ಆಯ್ತು.

ಹಿಂದಿನವರಿಗೆ ಇದು ಗೊತ್ತಿತ್ತು. ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ಮುಂದೆ ಚಾಚಿದ ಸೂರು, ಸುತ್ತ ಜಗಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಮಾಡಿಗೆ ಹೆಂಚು ಬಂತು. ಮಳೆಗೆ ಮುಂಚೆ ಮಣ್ಣಿನ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ರು. ಅಂದ್ರೆ ನೀರು ಗೋಡೆಯನ್ನ ಮುಟ್ಟಲೇಬಾರದು ಅನ್ನೋದು ಲೆಕ್ಕಾಚಾರ. ನಾವು ಸಿಟಿ ನೋಡಿ ಚಪ್ಪಟೆ ಸ್ಲ್ಯಾಬ್ ಹಾಕಿದ್ವಿ, ಸೂರು ಕತ್ತರಿಸಿದ್ವಿ, ಎಲಿವೇಶನ್ ಚೆಂದ ಕಾಣಬೇಕು ಅಂತ ಸನ್‌ಶೇಡನ್ನೂ ಕೈಬಿಟ್ವಿ. ಹತ್ತು ವರ್ಷ ಕಳೆದ ಮೇಲೆ ಅದೇ ಸ್ಲ್ಯಾಬ್ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸ್ತಾ ಇದ್ದೀವಿ. ಕುಂದಾಪುರದಿಂದ ಉಳ್ಳಾಲದವರೆಗೆ ಹೆದ್ದಾರಿಯಲ್ಲಿ ಬಂದು ನೋಡಿ, ಮನೆ ಮನೆಯ ನೆತ್ತಿಯಲ್ಲೂ ನೀಲಿ, ಕೆಂಪು ಶೀಟು. ಒಂದು ಮನೆಗೆ ಎರಡು ಮಾಡಿನ ದುಡ್ಡು!

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಅದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ, ಇಲ್ಲಿ ಬರಲಿ.

ಕರಾವಳಿಯ ಗೋಡೆ ಅಂದ್ರೆ ಹೆಚ್ಚಾಗಿ ಕೆಂಪು ಮುರಕಲ್ಲು. ತೂತು ತೂತು ಕಲ್ಲು. ಅಡಿಪಾಯದ ಮೇಲೆ ತೇವ ತಡೆಯುವ ಪದರ ಸರಿಯಾಗಿ ಹಾಕದಿದ್ದರೆ ನೆಲದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎರಡು ಮೂರು ಅಡಿ ಮೇಲೇರುತ್ತೆ. ಏರುವಾಗ ಉಪ್ಪನ್ನೂ ಹೊತ್ತು ತರುತ್ತೆ. ಗೋಡೆ ಮೇಲೆ ಬಿಳಿ ಹಿಟ್ಟಿನ ಹಾಗೆ ಅರಳೋದು ಅದೇ. ಆ ಉಪ್ಪು ಗಾಳಿಯಲ್ಲಿರೋ ತೇವವನ್ನೂ ಹೀರುತ್ತೆ. ಹಾಗಾಗಿ ಸೋರಿಕೆ ನಿಲ್ಲಿಸಿದ ಮೇಲೂ ಗೋಡೆ ಒದ್ದೆ! ಉಪ್ಪು ಹಿಡಿದ ಸಾರಣೆಯನ್ನ ಕಲೆ ಇರುವ ಗೆರೆಗಿಂತ ಒಂದಡಿ ಮೇಲಿನವರೆಗೆ ಕಿತ್ತು, ಗೋಡೆ ಒಣಗಿಸಿ, ಮತ್ತೆ ಸಾರಣೆ ಮಾಡಬೇಕು. ಅದು ಬಿಟ್ಟು ಮೇಲೆ ಪೇಂಟ್ ಹೊಡೆದರೆ ಒಳಗಿನ ನೀರು ಪೇಂಟನ್ನ ಹಪ್ಪಳದ ಹಾಗೆ ಎಬ್ಬಿಸುತ್ತೆ.

ನಮ್ಮಲ್ಲಿ ಪೇಂಟ್ ಹೊಡೆಸೋದು ಯಾವಾಗ? ಚೌತಿಗೆ ಮುಂಚೆ. ಅಂದ್ರೆ ಆಟಿಯ ಮಳೆ ಮುಗಿಯುವ ಮೊದಲೇ, ಗೋಡೆಗಳು ಇಡೀ ವರ್ಷದಲ್ಲಿ ಅತಿ ಹೆಚ್ಚು ನೀರು ಕುಡಿದಿರೋ ಹೊತ್ತಿಗೆ. "ಒಂದು ಡ್ಯಾಂಪ್ ಪ್ರೂಫ್ ಕೋಟ್ ಹೊಡ್ದ್ರೆ ಆಯ್ತು ಮಾರಾಯ್ರೆ" ಅಂತಾರೆ. ಆಯ್ತು, ದೀಪಾವಳಿವರೆಗೆ ಆಯ್ತು. ಸಾವಿರ ಚದರ ಅಡಿ ಮನೆಯ ಒಳಗೋಡೆ ಸುಮಾರು 3,000 ಚದರ ಅಡಿ ಅಂದ್ರೆ, ಅದೇ 20 ರೂಪಾಯಿ ದರದಲ್ಲಿ 60,000. ಎರಡು ವರ್ಷಕ್ಕೊಮ್ಮೆ ಹೊಡೆಸಿದರೆ ಹತ್ತು ವರ್ಷದಲ್ಲಿ 3 ಲಕ್ಷ. ಅದೇ ತಾರಸಿಗೆ ಚದರ ಅಡಿಗೆ 60 ರೂಪಾಯಿ ಕೊಟ್ಟು ಸರಿಯಾದ ವಾಟರ್‌ಪ್ರೂಫಿಂಗ್ ಮಾಡಿಸಿದರೂ 60,000. ದರ ನಿಮ್ಮೂರಿನದ್ದು ಹಾಕಿಕೊಳ್ಳಿ, ಮೂಲ ಮುಚ್ಚೋದೇ ಅಗ್ಗ ಅನ್ನೋದು ಬದಲಾಗೋದಿಲ್ಲ.

ಮೂಲ ಕಂಡುಹಿಡಿಯೋಕೆ ಮೊದಲ ದಿನವೇ ದುಬಾರಿ ಯಂತ್ರ ಬೇಕಿಲ್ಲ. ಕಲೆ ಇರೋ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಬದಿ, ಅಂದ್ರೆ ಕೋಣೆಯ ಕಡೆ ಹನಿ ಇದ್ದರೆ ಅದು ಗಾಳಿಯ ತೇವ. ಕಿಟಕಿ, ಫ್ಯಾನು, ಎಕ್ಸಾಸ್ಟ್‌ನಲ್ಲಿ ಮುಗಿಯಬಹುದು. ಹಾಳೆಯ ಹಿಂದೆ ನೀರಿದ್ದರೆ ಗೋಡೆಯೊಳಗಿಂದ ಬರ್ತಾ ಇದೆ. ಮನೆಯ ಎಲ್ಲಾ ನಲ್ಲಿ ಮುಚ್ಚಿ ಮೀಟರ್ ನೋಡಿ. ಮುಳ್ಳು ತಿರುಗ್ತಾ ಇದ್ದರೆ ಪೈಪ್ ಎಲ್ಲೋ ಒಡೆದಿದೆ. ಈ ಎರಡು ಕೆಲಸಕ್ಕೆ ಖರ್ಚಾಗೋದು ಟೇಪಿನ ದುಡ್ಡು ಮಾತ್ರ.

ತಾರಸಿಯ ಕಥೆ ಇನ್ನೂ ಗಂಭೀರ. ಕಾಂಕ್ರೀಟಿನ ಒಳಗಿರೋ ಕಬ್ಬಿಣದ ಸರಳಿಗೆ ತುಕ್ಕು ಹಿಡಿದರೆ ಅದು ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತೆ. ಒಳಗಿಂದಲೇ ಸ್ಲ್ಯಾಬನ್ನ ಸೀಳುತ್ತೆ. ಮಲಗುವ ಕೋಣೆಯ ಸೀಲಿಂಗಿನಿಂದ ಹಲಗೆ ಹಲಗೆಯಾಗಿ ಕಾಂಕ್ರೀಟ್ ಬೀಳೋದು ಹೀಗೆ. ಭಾರತೀಯ ಮಾನಕ ಐಎಸ್ 456 ಕರಾವಳಿಯ ಹವೆಗೆ ತೆರೆದ ಕಾಂಕ್ರೀಟನ್ನ 'ತೀವ್ರ' ವರ್ಗಕ್ಕೆ ಸೇರಿಸುತ್ತೆ. ಅಲ್ಲಿ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು, ಕನಿಷ್ಠ ಎಂ30 ದರ್ಜೆ ಬೇಕು. ನಿಮ್ಮ ಮನೆಯ ಸ್ಲ್ಯಾಬ್ ಹಾಕಿದ ದಿನ ಯಾರಾದ್ರೂ ಅಳತೆ ಪಟ್ಟಿ ಹಿಡಿದು ನೋಡಿದ್ರಾ? ಇದರ ಮೇಲೆ ಅಳಿವೆಯ ಕಡೆಯ ಉಪ್ಪು ಮರಳನ್ನ ತೊಳೆಯದೆ ಬಳಸಿದ್ದರೆ ತುಕ್ಕಿಗೆ ಬೇರೆ ಆಹ್ವಾನವೇ ಬೇಡ.

ಜೀವಕ್ಕೆ ಸಂಬಂಧಿಸಿದ ಇನ್ನೆರಡು ಮಾತು. ಒದ್ದೆ ಗೋಡೆಯ ಸ್ವಿಚ್ ಮುಟ್ಟಿದಾಗ ಜುಮ್ ಅಂದರೆ ಆವತ್ತೇ ಎಲೆಕ್ಟ್ರಿಷಿಯನ್ ಕರೆಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಮತ್ತೊಂದು, ಗುಡ್ಡ ತಡೆಯುವ ಗೋಡೆ. 2024ರ ಜೂನ್ 26ರಂದು ಉಳ್ಳಾಲ ಬಳಿಯ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಜಾಗದ ಕಾಂಪೌಂಡ್ ಗೋಡೆ ಮನೆ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಹೋದರು. ಮಣ್ಣು ನೀರು ಕುಡಿದರೆ ಅದರ ಒತ್ತಡ ಪೂರ್ತಿ ಗೋಡೆ ಮೇಲೆ. ನಿಮ್ಮ ಮನೆ ಹಿಂದಿನ ತಡೆಗೋಡೆಯಲ್ಲಿ ನೀರು ಹೊರಹೋಗೋ ತೂತುಗಳಿವೆಯಾ, ಅವು ಮಣ್ಣು ತುಂಬಿ ಮುಚ್ಚಿಲ್ಲ ತಾನೇ? ಮಳೆಗಾಲದಲ್ಲಿ ಅವುಗಳಿಂದ ನೀರು ಸುರೀತಾ ಇರಬೇಕು. ಗೋಡೆ ಹೊಟ್ಟೆ ಉಬ್ಬಿಸಿದ್ದರೆ ಆ ಬದಿಯ ಕೋಣೆಯಲ್ಲಿ ಮಲಗಬೇಡಿ. ಪಂಚಾಯಿತಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬನ್ನಿ.

ವಿಮೆ ಇಲ್ವಾ ಅಂತ ಕೇಳ್ತೀರಿ. ಇದೆ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಏಕರೂಪದ ಮನೆ ವಿಮೆ ದೇಶದಲ್ಲಿದೆ. ಚಂಡಮಾರುತ, ಪ್ರವಾಹ, ಭೂಕುಸಿತ ಅದರಲ್ಲಿವೆ. ನೀರಿನ ಟ್ಯಾಂಕ್, ಪೈಪ್ ಒಡೆದು ಆದ ಹಾನಿಯೂ ಇದೆ. ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇಕಡಾ 20, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ತಾನಾಗಿಯೇ ಬರುತ್ತೆ. ಸಾಲ ತೆಗೆದುಕೊಂಡಾಗ ಬ್ಯಾಂಕಿನಲ್ಲಿ ಮಾಡಿಸಿದ ಪಾಲಿಸಿ ಮನೆಗೋ ನಿಮ್ಮ ಜೀವಕ್ಕೋ, ಇವತ್ತೇ ತೆಗೆದು ಓದಿ. ಆದರೆ ವಿಮೆಯೂ ಸರ್ಕಾರದ ಹಾಗೆಯೇ, ಅದಕ್ಕೊಂದು 'ಘಟನೆ' ಬೇಕು. ಹತ್ತು ವರ್ಷ ಮೆಲ್ಲಗೆ ಇಳಿದ ನೀರು ಘಟನೆ ಅಲ್ಲ. ಪ್ರವಾಹವೇ ಬಂದಿದ್ದರೆ, ಕೆಸರು ತೊಳೆಯೋ ಮೊದಲು ಗೋಡೆ ಮೇಲಿನ ನೀರಿನ ಗೆರೆ ಸಮೇತ ಫೋಟೋ ತೆಗೆಯಿರಿ. ಸರ್ವೇಯರ್ ಬರುವ ಮೊದಲು ಹಾಳಾದ ಫ್ರಿಜ್ಜನ್ನ ಗುಜರಿಗೆ ಹಾಕಬೇಡಿ.

ಫ್ಲ್ಯಾಟಿನವರಿಗೆ ಒಂದೇ ಮಾತು. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡುಬಂದು ನೀವು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಡೋ ಬದಲು ಒಂದು ಪತ್ರ ಬರೀರಿ.

ಸರ್ಕಾರಕ್ಕೆ ನನ್ನ ಪ್ರಶ್ನೆ ಇದು. ಸುರತ್ಕಲ್‌ನಲ್ಲಿ ಸಮುದ್ರದ ಮಗ್ಗುಲಲ್ಲೇ ಎನ್‌ಐಟಿಕೆ ಇದೆ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಮೂರೂ ಕರಾವಳಿ ಜಿಲ್ಲೆಯ ಮೇಸ್ತ್ರಿಗಳಿಗೆ, ಪೇಂಟರ್‌ಗಳಿಗೆ ಒಂದು ವಾರದ ತರಬೇತಿ ಕೊಡೋಕೆ ಏನು ಅಡ್ಡಿ? ನೀರು ಇಳಿದ ಮೇಲೆ ಹಾನಿ ಬರೆಯೋಕೆ ಹೋಗುವ ತಂಡದಲ್ಲಿ ಗೋಡೆಯ ತೇವ ಅಳೆಯೋ ಮೀಟರ್ ಹಿಡಿದ ಒಬ್ಬ ಇಂಜಿನಿಯರ್ ಯಾಕಿರಬಾರದು? 2019ರ ಪ್ರವಾಹದ ನಂತರ ಬಿದ್ದ ಮನೆಗೆ 5 ಲಕ್ಷ ಕೊಟ್ಟಿದ್ದ ಸರ್ಕಾರ, ಬೀಳದಂತೆ ರಿಪೇರಿ ಮಾಡಿಸೋಕೆ 50,000ದ ಬಡ್ಡಿ ಇಲ್ಲದ ಸಾಲ ಕೊಟ್ಟರೆ ಬೊಕ್ಕಸಕ್ಕೇ ಲಾಭ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ 2009ರಲ್ಲೇ ಮಾರ್ಗಸೂಚಿ ತಂದಿದೆ. ಆಸ್ತಮಾ, ಉಸಿರಾಟದ ತೊಂದರೆಗೂ ಒದ್ದೆ ಮನೆಗೂ ನಂಟಿದೆ ಅಂತ ಅದರಲ್ಲಿದೆ. ಆಸ್ಪತ್ರೆಯ ಬಿಲ್ಲನ್ನ ನಾನಿನ್ನೂ ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಈ ಸಲ ಚೌತಿಗೆ ಮುಂಚೆ ಪೇಂಟಿಂಗ್ ಅಂತ ಅಡ್ವಾನ್ಸ್ ಕೊಟ್ಟಿದ್ದರೆ, ಫೋನ್ ಮಾಡಿ ಜನವರಿಗೆ ಮುಂದೂಡಿ. ಗೋಡೆ ಒಣಗಲಿ. ಮೊದಲು ತಾರಸಿ, ಆಮೇಲೆ ಸಾರಣೆ, ಕೊನೆಗೆ ಬಣ್ಣ. ಪತ್ತನಾಜೆಗೆ ಮುಂಚೆ ಎಲ್ಲಾ ಮುಗಿಸಬಹುದು. ಹಬ್ಬದ ದಿನ ಗೋಡೆ ಮೇಲೆ ಎರಡು ಕಲೆ ಇದ್ದರೆ ಗಣಪತಿ ಏನೂ ಅಂದುಕೊಳ್ಳಲ್ಲ.