ಮನೆಯೊಳಗಿನ ಅನಿಲ: ಅಳವಡಿಸುವ ಮುನ್ನ ಅರಿಯಬೇಕಾದುದು

(ನಾಯ್ಮಾರ್ಮೂಲೆಯಲ್ಲಿ ಜರಗಿದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಸಾಹಿತ್ಯ, ಶಾಲೆ, ಭಾಷೆಯ ಹಕ್ಕು ಇವುಗಳ ಕುರಿತಾದ ಮಾತುಗಳೇ ಕೇಳಿಬರುವುದು ರೂಢಿ. ಅಂತಹ ವೇದಿಕೆಯಲ್ಲಿ ಅನಿಲದೊಲೆಯ ವಿಚಾರವನ್ನೆತ್ತಿದರೆ ಕೆಲವರಿಗೆ ನಗೆ ಬರಬಹುದು. ಆದರೆ ನುಡಿಯೂ ಒಲೆಯೂ ಒಂದೇ ಮನೆಯಲ್ಲಿ ಬಾಳುವಂಥವು. ಒಂದನ್ನು ಮರೆತರೆ ಇನ್ನೊಂದರಿಂದ ಕೇಡು ಹೇಗೆ ಬರುತ್ತದೆಂಬುದನ್ನು ನಾವು ಸ್ವಂತ ಅನುಭವದಿಂದ ಬಲ್ಲೆವು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಅನಿಲ ಬಂದಾಗ ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಒಲೆಯನ್ನು ಜೋಡಿಸಿದವರು ಮಲಯಾಳದಲ್ಲಿ ನಾಲ್ಕು ಮಾತು ಹೇಳಿ, ಇಂಗ್ಲಿಷ್ ಕಾಗದಕ್ಕೆ ರುಜು ಪಡೆದು ಹೋದರು. ಕನ್ನಡ ಮತ್ತು ತುಳುವನ್ನಷ್ಟೇ ಬಲ್ಲ ತಾಯಿಯವರು ಸಂಕೋಚದಿಂದ ತಲೆಯಾಡಿಸಿದರು. ಸಿಲಿಂಡರು ಕಣ್ಣಿಗೆ ಬೀಳದಿರಲೆಂದು ಅದನ್ನು ತಗ್ಗಿನ ಉಗ್ರಾಣದ ಕಪಾಟಿನಲ್ಲಿ ಮುಚ್ಚಿಟ್ಟೆವು. ಆಟಿ ತಿಂಗಳ ಒಂದು ಮುಂಜಾನೆ ದುರ್ಗಂಧ ಬಂದಿತು. ಎಲ್ಲೋ ಇಲಿ ಸತ್ತಿರಬೇಕೆಂದು ತಾಯಿಯವರು ದೀಪದ ಗುಂಡಿಯನ್ನೊತ್ತಿದರು. ಮಳೆಗಾಲದ ಪುಣ್ಯದಿಂದ ಆಗ ವಿದ್ಯುತ್ತು ಇರಲಿಲ್ಲ! ಆ ಹೊತ್ತಿನಲ್ಲಿ ನಮ್ಮನ್ನು ಉಳಿಸಿದ್ದು ನಮ್ಮ ಜಾಣತನವಲ್ಲ, ಆ ಕತ್ತಲೆ. ತಪ್ಪು ಹೊರಿಸಲು ಈ ಮಾತನ್ನು ಹೇಳುತ್ತಿಲ್ಲ. ತಿಳಿಯದುದನ್ನು ತಿಳಿಯಿತೆಂದು ಒಪ್ಪಿಕೊಂಡ ತಪ್ಪು ನಮ್ಮದೂ ಆಗಿತ್ತು.

ಹಿಂದಿನ ಒಲೆಗೆ ಮಡಲು, ಗೆರಟೆ, ಸೌದೆಗಳೇ ಉರುವಲು. ಅದರ ಹೊಗೆ ಕಣ್ಣನ್ನುರಿಸಿ ತಾನೇ ಎಚ್ಚರಿಕೆ ಕೊಡುತ್ತಿತ್ತು. ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಇವಕ್ಕೆ ತಮ್ಮದೇ ಆದ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಆ ದುರ್ಗಂಧವೇ ಅನಿಲದ ಭಾಷೆ. ಅದನ್ನು ಮನೆಮಂದಿಯೆಲ್ಲರೂ ಕಲಿತಿರಬೇಕು.

ಎರಡನೆಯದಾಗಿ, ಈ ಅನಿಲವು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಸೋರಿದಾಗ ಅದು ಮೇಲೇರದೆ ನೀರಿನಂತೆ ತಗ್ಗಿಗೆ ಹರಿದು ಮಡುಗಟ್ಟುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು. ಆದುದರಿಂದ ಸಿಲಿಂಡರನ್ನು ನೆಲಮಾಳಿಗೆಯಲ್ಲಾಗಲಿ, ತಗ್ಗಿನ ಕೋಣೆಯಲ್ಲಾಗಲಿ, ಗಾಳಿಯಾಡದ ಕಪಾಟಿನಲ್ಲಾಗಲಿ ಇಡಬಾರದು. ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಬೇಕು; ಮಲಗಿಸಿದರೆ ದ್ರವವೇ ನಳಿಗೆಗೆ ನುಗ್ಗೀತು. ಒಲೆಯು ಕಟ್ಟೆಯ ಮೇಲೆ, ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಕಿಟಕಿಯ ಗಾಳಿ ನೇರವಾಗಿ ಜ್ವಾಲೆಗೆ ಬೀಸಬಾರದು. ಆದರೆ ಗೋಡೆಯ ಬುಡದಲ್ಲಿ ಕಿಂಡಿಯಿರಲೇಬೇಕು. ಮಳೆಯ ಎರಚಲಿಗೆ ಹೆದರಿ ಅದನ್ನು ಗೋಣಿಯಿಂದ ಮುಚ್ಚುವುದು ನಮ್ಮ ಸೀಮೆಯ ಕೆಟ್ಟ ಅಭ್ಯಾಸ.

ರಬ್ಬರು ನಳಿಗೆಯು ಐ.ಎಸ್.ಐ. ಮುದ್ರೆಯುಳ್ಳದ್ದಾಗಿ, ಒಂದೂವರೆ ಮೀಟರಿಗಿಂತ ಉದ್ದವಿಲ್ಲದಿರಬೇಕು. ಗೋಡೆಯೊಳಗಿಂದಾಗಲಿ ಒಲೆಯ ಹಿಂದಿನಿಂದಾಗಲಿ ಅದನ್ನು ಹಾಯಿಸಬಾರದು. 5 ವರ್ಷಗಳಿಗೊಮ್ಮೆ, ಬಿರುಕು ಕಂಡರೆ ಕೂಡಲೇ, ಬದಲಿಸಬೇಕು. ಸಿಲಿಂಡರಿನ ಕೊರಳ ಬಳಿಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದೂ ವರ್ಷದ ಅಂಕೆಯೂ ಇರುತ್ತವೆ. ಎ ಎಂದರೆ ಮಾರ್ಚಿನವರೆಗೆ, ಬಿ ಜೂನಿನವರೆಗೆ, ಸಿ ಸೆಪ್ಟೆಂಬರಿನವರೆಗೆ, ಡಿ ಡಿಸೆಂಬರಿನವರೆಗೆ. ಆ ಅವಧಿ ದಾಟಿದ ಸಿಲಿಂಡರನ್ನು ಮನೆಗೆ ಸೇರಿಸಬಾರದು. ಜೋಡಣೆಯಾದ ಮೇಲೆ ಸಾಬೂನಿನ ನೀರನ್ನು ಸಂಧುಗಳಿಗೆ ಹಚ್ಚಿ ಗುಳ್ಳೆಯೇಳುವುದೋ ಎಂದು ನೋಡಬೇಕು. ಕಡ್ಡಿ ಗೀರಿ ಪರೀಕ್ಷಿಸುವುದು ಆತ್ಮಘಾತವೇ ಸರಿ.

ಬಚ್ಚಲಿನ ಹಂಡೆಯ ಸ್ಥಾನಕ್ಕೆ ಅನಿಲದ ಗೀಸರು ಬರುತ್ತಿರುವ ಈ ದಿನಗಳಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಚ್ಚಿದ ಬಚ್ಚಲಿನಲ್ಲಿ ಗೀಸರು ಉರಿದರೆ ಪ್ರಾಣವಾಯು ಕುಗ್ಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಿಂದು ಬರುತ್ತೇವೆಂದು ಹೋದವರು ಅಲ್ಲಿಯೇ ಕುಸಿಯುತ್ತಾರೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಬೆಳಕಿರುವೆಡೆಯಲ್ಲಿ ನಿಲ್ಲಿಸಿ ಬಿಸಿನೀರನ್ನಷ್ಟೇ ಒಳಗೆ ತರುವುದು ಸುರಕ್ಷಿತ ಮಾರ್ಗ.

2021ರ ಜನವರಿ 5ರಂದು ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗವು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಸುಮಾರು 450 ಕಿಲೋಮೀಟರಿನ ಆ ಮಾರ್ಗವು ನಮ್ಮ ಜಿಲ್ಲೆಯನ್ನೇ ಹಾಯ್ದು ಹೋಗುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವು ಹೆಚ್ಚಾಗಿ ಮೀಥೇನ್. ಅದು ಗಾಳಿಗಿಂತ ಹಗುರವಾದುದರಿಂದ ಮಾಡಿಗೇರುತ್ತದೆ. ಅಂತಹ ಮನೆಗೆ ಕಿಂಡಿ ಮೇಲಿರಬೇಕು. ಸಿಲಿಂಡರಿನ ಒಲೆಯನ್ನು ಅದರ ಮೂತಿ ಬದಲಿಸದೆ ಕೊಳವೆಗೆ ಜೋಡಿಸಲೂಬಾರದು. ಅನಿಲ ಯಾವುದೆಂದು ತಿಳಿಯದೆ ಅಳವಡಿಸುವುದು ರೋಗವರಿಯದೆ ಮದ್ದು ಕೊಟ್ಟಂತೆ.

ವಾಸನೆ ಬಂದರೆ ಏನು ಮಾಡಬೇಕು? ದೀಪವನ್ನು ಹಾಕಲೂಬಾರದು, ಆರಿಸಲೂಬಾರದು. ಉರಿಯುವ ಒಲೆ, ದೇವರ ದೀಪ, ಊದುಬತ್ತಿಗಳನ್ನು ನಂದಿಸಿ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, ಅಲ್ಲಿಂದ 1906 ಸಂಖ್ಯೆಗೆ ಕರೆ ಮಾಡಬೇಕು.

ಇಷ್ಟನ್ನೂ ಹೇಳಬೇಕಾದುದು ಯಾರಿಗೆ? ಒಲೆಯ ಮುಂದೆ ನಿಲ್ಲುವವರಿಗೆ. ಅದೂ ಅವರ ನುಡಿಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ದೂರು ದುಮ್ಮಾನಗಳನ್ನು ನಮ್ಮ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ರಾಜ್ಯ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಆಡಳಿತ ಭಾಷಾ ಕಾನೂನು ಕೊಟ್ಟಿದೆ. ಸುರಕ್ಷತೆಯ ಸೂಚನೆಗಳು ಕನ್ನಡದಲ್ಲಿಯೂ ದೊರೆಯಬೇಕೆಂದು ಈ ಸಂಘವು ಸಂಬಂಧಪಟ್ಟವರಿಗೆ ಬರೆಯಲಿ. ಅದು ಕೃಪೆಯ ಯಾಚನೆಯಲ್ಲ, ಪ್ರಾಣರಕ್ಷಣೆಯ ಮಾತು. ಮಲಯಾಳವನ್ನು ಕಲಿಯುವುದೂ ನೆರೆಹೊರೆಯ ಧರ್ಮವೇ. ಆದರೆ ಅಪಾಯದ ಕ್ಷಣದಲ್ಲಿ ನೆನಪಿಗೆ ಬರುವುದು ತಾಯಿನುಡಿ.

ಉತ್ತರ ಬರುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ನಾಯ್ಮಾರ್ಮೂಲೆಯ, ವಿದ್ಯಾನಗರದ, ಚೆರ್ಕಳದ ತರುಣರು ತಲಾ ಹತ್ತು ಮನೆಗಳಿಗೆ ಹೋಗಲಿ. ದೊಡ್ಡ ಅಕ್ಷರಗಳಲ್ಲಿ ಈ ಸೂಚನೆಗಳನ್ನು ಬರೆದು ಗೋಡೆಗೆ ಅಂಟಿಸಲಿ. ಅಜ್ಜಿಯ ಕೈಯಿಂದಲೇ ರೆಗ್ಯುಲೇಟರನ್ನು ಮುಚ್ಚಿಸಿ, ತೆರೆಯಿಸಿ, ಅವರ ಬಾಯಿಂದಲೇ ಕ್ರಮವನ್ನು ಹೇಳಿಸಲಿ. ತಲೆಯಾಡಿಸಿದರೆ ಸಾಲದು, ತಿಳಿದಿರಬೇಕು. ನಮ್ಮ ತಾಯಿಯವರು ಇಂದು ನೆರೆಯ ನಾಲ್ಕು ಮನೆಗಳಿಗೆ ಇದನ್ನು ಕಲಿಸುತ್ತಿದ್ದಾರೆ.

ನಿಮ್ಮ ಮನೆಗಳ ಒಲೆಗಳು ಅನ್ನಕ್ಕಾಗಿ ಮಾತ್ರ ಉರಿಯಲಿ ಎಂದು ಹಾರೈಸಿ, ನಮ್ಮ ಮಾತನ್ನು ಮುಗಿಸುತ್ತೇವೆ.