ಕಲಿಕೆಗೂ ಒಂದು ಲೆಕ್ಕದ ಪುಸ್ತಕ

ಲೆಕ್ಕಶಾಸ್ತ್ರವನ್ನು ಕಲಿಸುವುದು ಒಂದು ಕೆಲಸ. ಕಲಿಯುವವನು ತನ್ನ ಕಲಿಕೆಯ ಲೆಕ್ಕವನ್ನು ತಾನೇ ಇಡುವಂತೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದು ನಮ್ಮ ಕಾಲೇಜುಗಳಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ. ಎರಡನೆಯದನ್ನು ವಿದ್ಯಾರ್ಥಿಯ ಹಣೆಬರಹಕ್ಕೆ ಬಿಡುವುದೇ ಹೆಚ್ಚು. ಶಿಕ್ಷಣತಜ್ಞರು ಇದನ್ನು ಸ್ವಯಂನಿಯಂತ್ರಿತ ಕಲಿಕೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳವಾದುದು.

ಹಂಪಿಗೂ ಕಂಪ್ಲಿಗೂ ನಡುವೆ ಇರುವ ಬುಕ್ಕಸಾಗರದಂಥ ಊರನ್ನೇ ತೆಗೆದುಕೊಳ್ಳೋಣ. ತುಂಗಭದ್ರೆಯ ನೀರಿನಲ್ಲಿ ಬಾಳೆ, ಕಬ್ಬು, ಭತ್ತ ಬೆಳೆಯುವ ಸೀಮೆ. ಇಂಥ ಊರುಗಳಿಂದ ಬಸ್ಸು ಹಿಡಿದು ಹೊಸಪೇಟೆಗೆ ಬಿ.ಕಾಂ. ಓದಲು ಹೋಗುವವರಲ್ಲಿ, ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ಉಂಟು. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಪದವಿಯೂ ಹತ್ತಿರ ಬಂತು. ಆದರೆ ಓದುವ ಬಗೆ ಹೇಗೆಂದು ಹೇಳಿಕೊಡುವವರು ಮನೆಯಲ್ಲಿಲ್ಲ. ಬೆಳೆಯ ಹಣದಲ್ಲಿ ಶುಲ್ಕ ಕಟ್ಟಿದ ಮನೆಗೆ ಒಂದು ವರ್ಷ ನಷ್ಟವಾದರೆ ಅದು ಸಣ್ಣ ನಷ್ಟವಲ್ಲ.

ಒಂದು ಉದಾಹರಣೆ ನೋಡಿ. ಆಲೆಮನೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಕಬ್ಬಿನ ಗಾಣ ತಂದರು. ವರ್ಷಕ್ಕೆ ಶೇಕಡ 10ರಂತೆ ಸವಕಳಿ. ಮೂಲಬೆಲೆಯ ಮೇಲೆ ಲೆಕ್ಕ ಹಾಕಿದರೆ ಪ್ರತಿ ವರ್ಷವೂ 10,000. ಇಳಿಯುತ್ತ ಹೋಗುವ ಬೆಲೆಯ ಮೇಲೆ ಹಾಕಿದರೆ ಮೊದಲ ವರ್ಷ 10,000, ಎರಡನೆಯ ವರ್ಷ 9,000, ಮೂರನೆಯ ವರ್ಷ 8,100. ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಎಲ್ಲವೂ ನೀರಿನಷ್ಟು ತಿಳಿ. ಪುಸ್ತಕ ಮುಚ್ಚಿ ಬರೆಯಲು ಕುಳಿತರೆ ಎರಡನೆಯ ವರ್ಷದಲ್ಲೇ ಕೈ ನಿಲ್ಲುತ್ತದೆ. ತಿಳಿಯಿತೆಂಬ ಭಾವನೆಯೇ ಬೇರೆ, ತಿಳಿದಿರುವುದೇ ಬೇರೆ.

ಲೆಕ್ಕಶಾಸ್ತ್ರಕ್ಕೆ ಈ ಮರ್ಮ ಹೊಸದಲ್ಲ. ಅದೇ ಗಾಣದ ಬೆಲೆಯನ್ನು ಯಂತ್ರದ ಖಾತೆಗೆ ಡೆಬಿಟ್ ಮಾಡದೆ ಸರಕಿನ ಖರೀದಿ ಖಾತೆಗೆ ಡೆಬಿಟ್ ಮಾಡಿದರೆ, ತಾಳೆಪಟ್ಟಿಯ ಎರಡು ಬದಿಗಳೂ ಸರಿಯಾಗಿಯೇ ಕೂಡಿಬರುತ್ತವೆ. ಆದರೂ ಲಾಭದ ಲೆಕ್ಕ ಕೆಟ್ಟಿರುತ್ತದೆ. ತಾಳೆಯಾದ ಲೆಕ್ಕವೆಲ್ಲ ಸರಿಯಾದ ಲೆಕ್ಕವಲ್ಲ ಎಂದು ತರಗತಿಯಲ್ಲಿ ಕಲಿಸುವ ನಾವು, ವಿದ್ಯಾರ್ಥಿಯ ಮನಸ್ಸಿಗೂ ಇದು ಅನ್ವಯಿಸುತ್ತದೆಂದು ಹೇಳುವುದಿಲ್ಲ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು, ಇಲ್ಲವೆ ಪಾಠ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರೇ ಮುಂದಿದ್ದರು. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಷ್ಟೆ.

ಹಾಗಾದರೆ ಕಲಿಸುವುದು ಹೇಗೆ? ಬ್ಯಾರಿ ಜಿಮ್ಮರ್‌ಮನ್ ಎಂಬ ವಿದ್ವಾಂಸರು ಇದನ್ನು ಮೂರು ಘಟ್ಟಗಳಾಗಿ ವಿಂಗಡಿಸಿದ್ದಾರೆ: ಮೊದಲು ಯೋಜನೆ, ಆಮೇಲೆ ಎಚ್ಚರದಿಂದ ಮಾಡುವ ಕೆಲಸ, ಕೊನೆಗೆ ಪರಾಮರ್ಶೆ. ಲೆಕ್ಕದ ತರಗತಿಯಲ್ಲಿ ಇದು ಸುಲಭವಾಗಿ ಹೊಂದುತ್ತದೆ. ಬಿಡಿಸುವ ಮುನ್ನ ವಿದ್ಯಾರ್ಥಿ, ಈ ಲೆಕ್ಕ ಏನು ಕೇಳುತ್ತಿದೆ, ತನಗೆಲ್ಲಿ ಅನುಮಾನ ಎಂದು ಒಂದು ಸಾಲು ಬರೆಯಲಿ. ಬಿಡಿಸುವಾಗ ಪುಸ್ತಕ ಮುಚ್ಚಿರಲಿ. ಮುಗಿದ ಮೇಲೆ ತಪ್ಪಿನ ಜಾತಿ ಗುರುತಿಸಲಿ: ಕೂಡಿಸುವಾಗ ಆದದ್ದೇ, ಖಾತೆ ತಪ್ಪಿದ್ದೇ, ತತ್ತ್ವವೇ ತಿಳಿಯದೆ ಆದದ್ದೇ? ಕೂಡಿಸುವ ತಪ್ಪಿಗೆ ಅಭ್ಯಾಸ ಮದ್ದು; ತತ್ತ್ವದ ತಪ್ಪಿಗೆ ಮತ್ತೆ ಪಾಠವೇ ಬೇಕು.

ಉತ್ತರಪತ್ರಿಕೆ ಕೊಡುವ ಮುನ್ನ, ತನಗೆ ಎಷ್ಟು ಅಂಕ ಬಂದೀತೆಂದು ವಿದ್ಯಾರ್ಥಿ ಬರೆದಿಡಲಿ. ನಮ್ಮ ನಗದು ಪುಸ್ತಕವನ್ನು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ಹೋಲಿಸಿ ವ್ಯತ್ಯಾಸಕ್ಕೆ ಕಾರಣ ಹುಡುಕುವುದಿಲ್ಲವೆ? ಹಾಗೆಯೇ ತನ್ನ ಅಂದಾಜನ್ನೂ ಬಂದ ಅಂಕವನ್ನೂ ಹೋಲಿಸಲಿ. 70 ಬಂದೀತೆಂದವನಿಗೆ 45 ಬಂದರೆ, ಆ 25ರ ವ್ಯತ್ಯಾಸವೇ ಅವನ ಮುಂದಿನ ಪಾಠ.

ಪಾಠಪಟ್ಟಿ ಮುಗಿಸುವುದೇ ಕಷ್ಟ, ಇದಕ್ಕೆಲ್ಲಿ ಸಮಯ ಎಂದು ಅಧ್ಯಾಪಕರು ಕೇಳಬಹುದು. ಕೇಳಬೇಕಾದ ಮಾತೇ. ಇದಕ್ಕೆ ಬೇರೆ ತರಗತಿ ಬೇಡ. ಇದ್ದ ತರಗತಿಯಲ್ಲೇ ಐದು ನಿಮಿಷ ಸಾಕು. ಅಧ್ಯಾಪಕರು ಮೊದಲು ಕಪ್ಪುಹಲಗೆಯ ಮುಂದೆ ತಾವು ಯೋಚಿಸುವ ಕ್ರಮವನ್ನು ಬಾಯಿಬಿಟ್ಟು ಹೇಳಲಿ. ಆಮೇಲೆ ವಿದ್ಯಾರ್ಥಿಗಳೊಡನೆ ಮಾಡಲಿ. ಕ್ರಮೇಣ ಕೈ ಬಿಡಲಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ತಪ್ಪು ಬರೆದಿಡುವ ಆ ಪುಸ್ತಕಕ್ಕೆ ಅಂಕ ಕೊಡಬಾರದು. ಅಂಕ ಬಂತೆಂದರೆ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ.

ಇದರ ಪ್ರಯೋಜನ ಪರೀಕ್ಷೆಗೇ ಮುಗಿಯುವುದಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಅದಕ್ಕೂ ಮೊದಲು ಪದವಿ ಮುಗಿಸಿ ಅಂಗಡಿ, ಮಂಡಿ, ಕಚೇರಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರು ಹೊಸ ಕ್ರಮವನ್ನು ಕೆಲಸದ ನಡುವೆಯೇ ಕಲಿಯಬೇಕಾಯಿತು. ಅದರ ದರಗಳೇ 2025ರ ಸೆಪ್ಟೆಂಬರ್ 22ರಿಂದ ಮತ್ತೆ ಬದಲಾದವು. ಕಾಲೇಜಿನಲ್ಲಿ ಕಲಿತ ನಿಯಮ ಹಳತಾಗುತ್ತದೆ. ಕಲಿಯುವ ಕ್ರಮ ಹಳತಾಗುವುದಿಲ್ಲ.

ಕೇಳುತ್ತಿರುವ ತಂದೆತಾಯಿಗಳಲ್ಲಿ ಕೊನೆಯದಾಗಿ ಒಂದು ಮಾತು. ಲೆಕ್ಕಶಾಸ್ತ್ರ ನಿಮಗೆ ಬರಬೇಕಿಲ್ಲ. ಸಂಜೆ ಮಗನನ್ನೋ ಮಗಳನ್ನೋ ಎಷ್ಟು ಹೊತ್ತು ಓದಿದೆ ಎಂದು ಕೇಳುವ ಬದಲು, ಇವತ್ತು ಯಾವ ತಪ್ಪು ಸಿಕ್ಕಿತು, ಅದನ್ನು ಹೇಗೆ ತಿದ್ದಿಕೊಂಡೆ ಎಂದು ಕೇಳಿ. ಉತ್ತರವನ್ನು ಗದರದೆ ಕೇಳಿಸಿಕೊಳ್ಳಿ. ಮನೆಯಲ್ಲಿ ಆಗಬೇಕಾದ ಪಾಠ ಅಷ್ಟೇ.