ಮರ ಹೇಳಿದ ಸಾಮ್ರಾಜ್ಯದ ಕಥೆ



1453ರಲ್ಲಿ ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದುದನ್ನು ನೀವು ಪಾಠಪುಸ್ತಕದಲ್ಲಿ ಓದಿದ್ದೀರಿ. ಅಂಥ ಬಲಿಷ್ಠ ಸಾಮ್ರಾಜ್ಯ 16ನೇ ಶತಮಾನದ ಕೊನೆಯಲ್ಲಿ ತತ್ತರಿಸಿದ್ದೇಕೆ? ಬಹುಕಾಲ ದೊರೆಯುತ್ತಿದ್ದ ಉತ್ತರ ಇದು: ದುರ್ಬಲ ಸುಲ್ತಾನರು, ಲಂಚಕೋರ ಅಧಿಕಾರಿಗಳು, ಮುಗಿಯದ ಯುದ್ಧಗಳು. ಈ ಉತ್ತರದಲ್ಲಿ ಮಳೆ, ಬೆಳೆ, ಕುರಿಗಳ ಮಾತೇ ಇಲ್ಲ. ಪರಿಸರ ಇತಿಹಾಸವು ಇವುಗಳನ್ನೂ ಸಾಕ್ಷಿಗೆ ಕರೆಯುತ್ತದೆ.

ಮೊದಲ ಸಾಕ್ಷಿ ಮರ. ಈಗಿನ ಟರ್ಕಿಯ ಅನಟೋಲಿಯ ಒಣ ಪ್ರದೇಶ. ಅಲ್ಲಿಯ ಮರಗಳ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಒಳ್ಳೆಯ ಮಳೆಯಾದ ವರ್ಷದ ಉಂಗುರ ಅಗಲ, ಬರಗಾಲದ್ದು ಕಿರಿದು. 1590ರ ದಶಕದಲ್ಲಿ ಅಲ್ಲಿ ಸತತವಾಗಿ ಹಲವು ವರ್ಷ ಮಳೆ ಕೈಕೊಟ್ಟಿತ್ತೆಂದು ಈ ಉಂಗುರಗಳು ತಿಳಿಸುತ್ತವೆ. ವಿಜ್ಞಾನಿಗಳು 'ಕಿರು ಹಿಮಯುಗ' ಎಂದು ಕರೆಯುವ ಕಾಲವದು. 1600ರಲ್ಲಿ ದೂರದ ಪೆರು ದೇಶದ ವೈನಾಪುಟಿನಾ ಜ್ವಾಲಾಮುಖಿ ಸಿಡಿಯಿತು. ಮೇಲೇರಿದ ಗಂಧಕದ ಕಣಗಳು ಬಿಸಿಲನ್ನು ತಡೆದು ಚಳಿಯನ್ನು ಇನ್ನಷ್ಟು ಹೆಚ್ಚಿಸಿದವು. 1621ರಲ್ಲಿ ಇಸ್ತಾಂಬುಲ್‌ನ ಬಾಸ್ಫರಸ್ ಜಲಸಂಧಿಯೇ ಹೆಪ್ಪುಗಟ್ಟಿತು.

ಎರಡನೆಯ ಸಾಕ್ಷಿ ಸರ್ಕಾರದ ಕಡತ. 1593ರಿಂದ 1606ರವರೆಗೆ ಹ್ಯಾಬ್ಸ್‌ಬರ್ಗ್ ಅರಸರೊಡನೆ ಯುದ್ಧ ನಡೆಯಿತು. ಸೈನ್ಯಕ್ಕೆ ಧಾನ್ಯ ಬೇಕು, ರಾಜಧಾನಿಗೆ ಕುರಿಮಾಂಸ ಬೇಕು. ಮೇವಿಲ್ಲದೆ, ರೋಗ ತಗುಲಿ ಕುರಿಗಳು ಸಾಯುತ್ತಿದ್ದಾಗಲೇ ಹಳ್ಳಿಗಳ ಮೇಲೆ ಹೊಸ ಹೊಸ ಬೇಡಿಕೆಗಳು ಬಿದ್ದವು. ಕೊಡಲಾಗದ ರೈತರು ಊರು ಬಿಟ್ಟರು. ಕೆಲವರು ಬಂಡಾಯದ ದಂಡು ಸೇರಿದರು. ಇವೇ ಇತಿಹಾಸದ ಜೆಲಾಲಿ ದಂಗೆಗಳು.

ಹಾಗಾದರೆ ಎಲ್ಲಕ್ಕೂ ಬರವೇ ಕಾರಣವೇ? ಇಲ್ಲಿ ಎಚ್ಚರ ಬೇಕು. ಮಳೆ ಬಾರದಿದ್ದುದು ಸುಲ್ತಾನನ ತಪ್ಪಲ್ಲ. ಆದರೆ ಬರದ ನಡುವೆಯೂ ಕೇಳುವುದನ್ನು ನಿಲ್ಲಿಸದಿದ್ದುದು ಮನುಷ್ಯರ ತೀರ್ಮಾನ. ಹವಾಮಾನದ ಮೇಲೆಯೇ ಎಲ್ಲವನ್ನೂ ಹೊರಿಸಿದರೆ ಆಳುವವರು ಪಾರಾಗುತ್ತಾರೆ. ಹವಾಮಾನವನ್ನು ಮರೆತರೆ ರೈತನ ಸಂಕಟ ಕಾಣದೆ ಹೋಗುತ್ತದೆ. ಆ ಸಾಮ್ರಾಜ್ಯವೇನೂ ಆಗಲೇ ಅಳಿಯಲಿಲ್ಲ. ಸುಲ್ತಾನರ ಆಳ್ವಿಕೆ 1922ರವರೆಗೂ ಉಳಿಯಿತು. ಆದರೆ ಬರಿದಾದ ಎಷ್ಟೋ ಹಳ್ಳಿಗಳು ಬಹುಕಾಲ ಚೇತರಿಸಿಕೊಳ್ಳಲಿಲ್ಲ.

ಇನ್ನು ಮುಂದೆ ಯಾವುದೇ ಸಾಮ್ರಾಜ್ಯದ ಏಳುಬೀಳು ಓದುವಾಗ ಪುಟದ ಅಂಚಿನಲ್ಲಿ ಎರಡು ಪ್ರಶ್ನೆ ಬರೆದುಕೊಳ್ಳಿ: ಆ ವರ್ಷ ಮಳೆ ಎಷ್ಟಾಯಿತು? ಆ ವರ್ಷ ಕಂದಾಯ ಎಷ್ಟು ಕೇಳಿದರು? ಮೊದಲನೆಯದಕ್ಕೆ ವಿಜ್ಞಾನ ಬೇಕು, ಎರಡನೆಯದಕ್ಕೆ ಇತಿಹಾಸ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗಲೇ ಉತ್ತರ ಪೂರ್ಣವಾಗುತ್ತದೆ.